ಉದರ ಸುರೂಪಿಕಾ ಶಸ್ತ್ರಚಿಕಿತ್ಸೆ: ತೆಗೆಯುವ ವಿದ್ಯೆಯಿಂದ ಉಳಿಸುವ ವಿದ್ಯೆಯವರೆಗೆ

ಹೆರಿಗೆಗಳ ನಂತರ ಅಥವಾ ಬಹಳಷ್ಟು ತೂಕ ಇಳಿಸಿಕೊಂಡ ನಂತರ ಜೋತುಬೀಳುವ ಹೊಟ್ಟೆಯ ಚರ್ಮವನ್ನೂ ಅದರ ಅಡಿಯ ಕೊಬ್ಬನ್ನೂ ತೆಗೆದು, ಅಗಲಿಹೋದ ಸ್ನಾಯುಗಳನ್ನು ಹತ್ತಿರ ತಂದು ಹೊಲಿಯುವ ಶಸ್ತ್ರಚಿಕಿತ್ಸೆಗೆ ವೈದ್ಯರ ನಡುವೆ ಅಬ್ಡಾಮಿನೋಪ್ಲಾಸ್ಟಿ ಎಂದೂ ಜನಬಳಕೆಯಲ್ಲಿ ಟಮ್ಮಿ ಟಕ್ ಎಂದೂ ಹೆಸರು. ಇದು ತೂಕ ಇಳಿಸುವ ಉಪಾಯ ಎಂಬ ತಪ್ಪು ತಿಳಿವಳಿಕೆ ಒಂದೆಡೆ, ಕೇವಲ ಅಂದಕ್ಕಾಗಿ ಹಣವುಳ್ಳವರು ಮಾಡಿಸಿಕೊಳ್ಳುವ ಚಿಕಿತ್ಸೆ ಎಂಬ ತಾತ್ಸಾರ ಇನ್ನೊಂದೆಡೆ ಇರುವುದರಿಂದ, ನಿಜವಾಗಿ ಇದರ ಅಗತ್ಯವುಳ್ಳವರಿಗೂ ಇದು ಬೇಡದವರಿಗೂ ಸರಿಯಾದ ಮಾಹಿತಿ ತಲುಪುತ್ತಿಲ್ಲ. ಈ ಶಸ್ತ್ರಚಿಕಿತ್ಸೆಯ ಸುಮಾರು 130 ವರ್ಷಗಳ ಬೆಳವಣಿಗೆಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಆರಂಭದಲ್ಲಿ ಎಷ್ಟನ್ನು ಕತ್ತರಿಸಿ ತೆಗೆಯಬಹುದು ಎಂದು ಯೋಚಿಸುತ್ತಿದ್ದ ಶಸ್ತ್ರವೈದ್ಯರು ಕ್ರಮೇಣ ಏನೇನನ್ನು ಉಳಿಸಬೇಕು ಎಂದು ಯೋಚಿಸತೊಡಗಿದರು, ಮತ್ತು ಇಂದಿನ ಸುರಕ್ಷತೆಯ ಹೆಚ್ಚಿನ ಪಾಲು ಈ ಎರಡನೆಯ ಯೋಚನೆಯ ಫಲವಾಗಿದೆ. ಆ ಬೆಳವಣಿಗೆಯನ್ನು ಗುರುತಿಸಿ, ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳದ ಜನಜೀವನದ ಹಿನ್ನೆಲೆಯಲ್ಲಿ ರೋಗಿಗಳು ಏನನ್ನು ನಿರೀಕ್ಷಿಸಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೊಟ್ಟೆಯ ಗೋಡೆ ಮತ್ತು ಅದರ ಸಡಿಲಿಕೆ

ಹೊಟ್ಟೆಯ ಮುಂಭಾಗದಲ್ಲಿ ಮೊದಲಿಗೆ ಚರ್ಮ, ಅದರಡಿ ಕೊಬ್ಬಿನ ಪದರ, ಆ ಕೊಬ್ಬಿನ ನಡುವೆ ತೆಳುವಾದರೂ ಗಟ್ಟಿಯಾದ ಒಂದು ಪೊರೆ, ಅದಕ್ಕೂ ಕೆಳಗೆ ಸ್ನಾಯುಗಳು ಇರುತ್ತವೆ. ನಡುವಿನ ಪೊರೆಗೆ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೊ ಸ್ಕಾರ್ಪನ ಹೆಸರಿನಲ್ಲಿ ಸ್ಕಾರ್ಪ ಪೊರೆ ಎನ್ನುತ್ತಾರೆ. ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಎಡಬಲಗಳಲ್ಲಿ ಇಳಿಯುವ ಎರಡು ಉದ್ದನೆಯ ಸ್ನಾಯುಗಳಿಗೆ ರೆಕ್ಟಸ್ ಸ್ನಾಯುಗಳೆಂದು ಹೆಸರಿದ್ದು, ಅವೆರಡನ್ನೂ ಮಧ್ಯದಲ್ಲಿ ಬೆಸೆಯುವ ನಾರಿನ ಪಟ್ಟಿಗೆ ಲಿನಿಯಾ ಆಲ್ಬ ಎನ್ನಲಾಗುತ್ತದೆ. ಗರ್ಭ ಬೆಳೆದಂತೆ ಈ ಪಟ್ಟಿ ಹಿಗ್ಗಿ ಸ್ನಾಯುಗಳು ಪರಸ್ಪರ ದೂರ ಸರಿಯುತ್ತವೆ, ಹೆರಿಗೆಯ ನಂತರ ಬಹುಪಾಲು ಮಹಿಳೆಯರಲ್ಲಿ ಅವು ತಾವಾಗಿಯೇ ಮರಳಿ ಹತ್ತಿರ ಬರುತ್ತವೆ. ಹಾಗೆ ಬಾರದೆ ಸುಮಾರು 2 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಉಳಿದರೆ ಅದನ್ನು ಡಯಾಸ್ಟಾಸಿಸ್ ರೆಕ್ಟೈ, ಅಂದರೆ ಸ್ನಾಯು ಅಗಲಿಕೆ ಎಂದು ಗುರುತಿಸಲಾಗುತ್ತದೆ. ಮೊದಲ ಬಾರಿ ತಾಯಂದಿರಾದ 300 ಮಂದಿಯನ್ನು ಗಮನಿಸಿ ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆರಿಗೆಯಾದ 6 ವಾರಗಳಿಗೆ ಶೇ. 60 ಮಂದಿಯಲ್ಲಿ ಕಂಡುಬಂದ ಈ ಅಗಲಿಕೆ 12 ತಿಂಗಳಿಗೆ ಶೇ. 32.6ಕ್ಕೆ ಇಳಿದಿತ್ತು. ಕಾಯುವುದರಿಂದ ಹಲವರಿಗೆ ಗುಣ ಸಿಗುತ್ತದೆ, ಆದರೆ ಎಲ್ಲರಿಗೂ ಸಿಗುವುದಿಲ್ಲ ಎಂಬ ಎರಡು ಮಾತನ್ನೂ ಈ ಅಂಕಿಗಳು ಒಟ್ಟಿಗೆ ಹೇಳುತ್ತವೆ.

ಹೊಟ್ಟೆ ಮುಂದೆ ಬರುವುದಕ್ಕೆ ಕಾರಣಗಳು ಮೂರು ಬೇರೆ ಬೇರೆ ತಾಣಗಳಲ್ಲಿರುತ್ತವೆ. ಚರ್ಮದಡಿಯ ಕೊಬ್ಬು ಒಂದು, ಸ್ನಾಯುವಿನ ಸಡಿಲಿಕೆ ಇನ್ನೊಂದು, ಸ್ನಾಯುವಿನ ಒಳಗೆ ಕರುಳಿನ ಸುತ್ತ ಕೂಡಿಕೊಂಡ ಕೊಬ್ಬು ಮತ್ತೊಂದು. ಉದರ ಸುರೂಪಿಕಾ ಶಸ್ತ್ರಚಿಕಿತ್ಸೆ ಮೊದಲ ಎರಡನ್ನು ಮಾತ್ರ ಸರಿಪಡಿಸಬಲ್ಲದು; ಒಳಗಿನ ಕೊಬ್ಬು ಆಹಾರ, ನಡಿಗೆ, ವ್ಯಾಯಾಮ ಮತ್ತು ಅಗತ್ಯವಿದ್ದರೆ ಬೊಜ್ಜಿನ ಚಿಕಿತ್ಸೆಯಿಂದ ಮಾತ್ರ ಕರಗುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಶಸ್ತ್ರಚಿಕಿತ್ಸೆಗೆ ಒಳಗಾದವರು ನಿರಾಶರಾಗುವ ಸಂಭವ ಹೆಚ್ಚು.

ತೆಗೆಯುವ ಕಾಲ: 1890ರಿಂದ 1950ರ ದಶಕದವರೆಗೆ

ಹೊಟ್ಟೆಯ ಹೆಚ್ಚುವರಿ ಚರ್ಮ ಮತ್ತು ಕೊಬ್ಬನ್ನು ಕತ್ತರಿಸಿ ತೆಗೆದ ಮೊದಲ ವರದಿ 1890ರಲ್ಲಿ ಫ್ರಾನ್ಸಿನ ಡೆಮಾರ್ಸ್ ಮತ್ತು ಮಾರ್ಕ್ಸ್ ಅವರಿಂದ ಬಂತು. 1899ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸ್ತ್ರೀರೋಗ ತಜ್ಞ ಹೋವರ್ಡ್ ಕೆಲ್ಲಿ ಅಡ್ಡಲಾಗಿ ಕೊಯ್ದು, 7,450 ಗ್ರಾಂ ತೂಗುವ ಚರ್ಮ ಮತ್ತು ಕೊಬ್ಬಿನ ಮಡಿಕೆಯನ್ನು ತೆಗೆದುದು ಈ ಕ್ಷೇತ್ರದ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಘಟನೆ. ಆ ಕಾಲದ ಉದ್ದೇಶ ಅಂದವಾಗಿರಲಿಲ್ಲ. ನಡೆಯಲು ಅಡ್ಡಿಯಾಗುವ, ಮಡಿಕೆಯಡಿ ಬೆವರಿ ಹುಣ್ಣಾಗುವ, ಹರ್ನಿಯಾದ ದುರಸ್ತಿಗೆ ತೊಡಕಾಗುವ ಭಾರವನ್ನು ಇಳಿಸುವುದಷ್ಟೇ ಗುರಿಯಾಗಿತ್ತು, ಮತ್ತು ಕತ್ತರಿಸಿದ ಭಾಗದೊಂದಿಗೆ ಹೊಕ್ಕುಳೂ ಹೋಗುವುದನ್ನು ಅನಿವಾರ್ಯವೆಂದು ಭಾವಿಸಲಾಗಿತ್ತು.

ಹೊಕ್ಕುಳನ್ನು ಉಳಿಸುವ ಯತ್ನವನ್ನು 1905ರಲ್ಲಿ ಫ್ರಾನ್ಸಿನ ವೈದ್ಯರಾದ ಗೋಡೇ ಮತ್ತು ಮೊರೆಸ್ತಾಂ, ಹರ್ನಿಯಾ ದುರಸ್ತಿಯ ಸಂದರ್ಭದಲ್ಲಿ ವರದಿ ಮಾಡಿದರು. 1916ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಮೇಲಿನಿಂದ ಕೆಳಕ್ಕೆ ಉದ್ದನೆಯ ಕೊಯ್ತವನ್ನು ಬಳಸಿ ಸುತ್ತಲಿನ ಚರ್ಮವನ್ನು ಅಗಲವಾಗಿ ಬಿಡಿಸಿದರೆ, 1924ರಲ್ಲಿ ಶಿಕಾಗೊದ ಮ್ಯಾಕ್ಸ್ ಥೋರೆಕ್ ಹೊಕ್ಕುಳಿನ ಕೆಳಗಷ್ಟೇ ಅಡ್ಡ ಕೊಯ್ತ ಹಾಕುವ ಕ್ರಮವನ್ನು ವಿವರಿಸಿದರು. 1957ರಲ್ಲಿ ವರ್ನನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಕಿಬ್ಬೊಟ್ಟೆಯಲ್ಲಿ ಅಡ್ಡ ಕೊಯ್ದು, ಚರ್ಮವನ್ನು ಎದೆಗೂಡಿನವರೆಗೂ ಬಿಡಿಸಿ ಕೆಳಕ್ಕೆ ಎಳೆದು, ಹೊಕ್ಕುಳನ್ನು ಅದರ ಬುಡದೊಂದಿಗೆ ಅಲ್ಲಿಯೇ ಉಳಿಸಿಕೊಂಡು, ಎಳೆದ ಚರ್ಮದಲ್ಲಿ ಹೊಸ ಕಿಂಡಿ ತೆರೆದು ಅದನ್ನು ಹೊರತರುವ ವಿಧಾನವನ್ನು ನೆಲೆಗೊಳಿಸಿದರು. ಇಂದು ಪೂರ್ಣ ಟಮ್ಮಿ ಟಕ್ ಎಂದು ಕರೆಯುವ ಶಸ್ತ್ರಚಿಕಿತ್ಸೆಯ ಮೂಲ ಚೌಕಟ್ಟು ಇದೇ.

ಕೊಯ್ತದ ಗೆರೆಯ ಜಾಗ ಮತ್ತು ಕೊಬ್ಬು ಹೀರುವ ವಿಧಾನ

1960ರ ದಶಕದಲ್ಲಿ ಈ ವಿದ್ಯೆ ದಕ್ಷಿಣ ಅಮೆರಿಕದಲ್ಲಿ ವೇಗವಾಗಿ ಬೆಳೆಯಿತು. ಬ್ರೆಜಿಲ್ಲಿನ ಇವೊ ಪಿಟಾಂಗಿ 1967ರಲ್ಲಿ 300 ರೋಗಿಗಳ ಅನುಭವವನ್ನು ಪ್ರಕಟಿಸಿ, ಕೊಯ್ತದ ಗುರುತು ಒಳಉಡುಪಿನಡಿ ಮರೆಯಾಗುವಂತೆ ಆದಷ್ಟೂ ಕೆಳಗಿರಬೇಕೆಂದು ತೋರಿಸಿಕೊಟ್ಟರು. ಅದೇ ವರ್ಷ ಅಡ್ಡಕ್ಕೂ ಉದ್ದಕ್ಕೂ ಚರ್ಮ ಹೆಚ್ಚಾಗಿರುವವರಿಗೆ ಎರಡು ದಿಕ್ಕಿನಲ್ಲೂ ಕತ್ತರಿಸುವ ವಿಧಾನವನ್ನು ಕಾಸ್ಟನಾರೆಸ್ ಮತ್ತು ಗೋಥೆಲ್ ವಿವರಿಸಿದರು. ಈ ಹಂತದವರೆಗೂ ಸೊಂಟದ ಕೊಬ್ಬನ್ನು ತಗ್ಗಿಸಲು ಕೊಯ್ತವನ್ನು ಉದ್ದ ಮಾಡುವುದೊಂದೇ ದಾರಿಯಾಗಿತ್ತು. 1970ರ ದಶಕದಲ್ಲಿ ಇಟಲಿಯ ಜಾರ್ಜೊ ಫಿಶರ್ ಮತ್ತು ಫ್ರಾನ್ಸಿನ ಈವ್ ಝೆರಾರ್ ಇಲೂಜ್ ತೆಳುವಾದ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ವಿಧಾನವನ್ನು ರೂಪಿಸಿದ ನಂತರ, ಮತ್ತು 1980ರ ದಶಕದಲ್ಲಿ ಅಮೆರಿಕದ ಜೆಫ್ರಿ ಕ್ಲೈನ್ ರಕ್ತಸ್ರಾವವನ್ನು ತಗ್ಗಿಸುವ ಔಷಧ ಬೆರೆತ ದ್ರವವನ್ನು ಮೊದಲು ತುಂಬಿ ಅನಂತರ ಹೀರುವ ಕ್ರಮವನ್ನು ಬಳಕೆಗೆ ತಂದ ನಂತರ, ಯಾರಿಗೆ ಏನು ಸಾಕು ಎಂದು ವಿಂಗಡಿಸುವುದು ಸಾಧ್ಯವಾಯಿತು. ಚರ್ಮ ಬಿಗಿಯಾಗಿದ್ದು ಕೊಬ್ಬು ಮಾತ್ರ ಹೆಚ್ಚಿರುವವರಿಗೆ ಹೀರುವಿಕೆ, ಹೊಕ್ಕುಳಿನ ಕೆಳಗಷ್ಟೇ ಸಡಿಲಿಕೆ ಇರುವವರಿಗೆ ಚಿಕ್ಕ ಕೊಯ್ತದ ಮಿನಿ ಟಮ್ಮಿ ಟಕ್, ಇಡೀ ಹೊಟ್ಟೆ ಸಡಿಲಗೊಂಡವರಿಗೆ ಪೂರ್ಣ ಶಸ್ತ್ರಚಿಕಿತ್ಸೆ, ಬಹಳ ತೂಕ ಇಳಿಸಿಕೊಂಡು ಸೊಂಟದ ಸುತ್ತಲೂ ಚರ್ಮ ಜೋತಿರುವವರಿಗೆ ಬೆನ್ನಿನವರೆಗೂ ಸುತ್ತುವರಿಯುವ ವಿಧಾನ ಎಂಬ ಇಂದಿನ ವಿಂಗಡಣೆ ಹೀಗೆ ರೂಪುಗೊಂಡಿತು.

ರಕ್ತಸಂಚಾರವನ್ನು ಉಳಿಸುವ ವಿದ್ಯೆ

ಬಿಡಿಸಿದ ಚರ್ಮ ಬದುಕಿ ಉಳಿಯಬೇಕಾದರೆ ಅದಕ್ಕೆ ರಕ್ತ ಪೂರೈಸುವ ಒಂದು ದಾರಿ ಉಳಿದಿರಲೇಬೇಕು. ಈ ತತ್ತ್ವ ಭಾರತದ ಶಸ್ತ್ರವಿದ್ಯೆಗೆ ಹೊಸದಲ್ಲ. ಮೂಗಿನ ಮರುನಿರ್ಮಾಣವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ, ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತನಿಗೆ ಪುಣೆಯ ದೇಶೀ ಶಸ್ತ್ರಕುಶಲಿಯೊಬ್ಬರು ಹಣೆಯ ಚರ್ಮವನ್ನು ಬುಡದ ತೊಟ್ಟಿನ ಸಮೇತ ತಿರುಗಿಸಿ ಮೂಗು ಕಟ್ಟಿದ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಯುರೋಪಿನ ವೈದ್ಯರ ಕಣ್ತೆರೆಸಿತು. ಆ ತೊಟ್ಟಿನಲ್ಲಿ ಹರಿಯುವ ರಕ್ತವೇ ಹೊಸ ಮೂಗನ್ನು ಬದುಕಿಸಿತು ಎಂಬ ತಿಳಿವಳಿಕೆ ಆಧುನಿಕ ಸುರೂಪಿಕಾ ಶಸ್ತ್ರಚಿಕಿತ್ಸೆಯ ಅಡಿಗಲ್ಲು.

ಹೊಟ್ಟೆಯ ವಿಷಯದಲ್ಲಿ ಇದೇ ತಿಳಿವಳಿಕೆಯನ್ನು 1979ರಲ್ಲಿ ಹ್ಯೂಗರ್ ಎಂಬ ಅಮೆರಿಕದ ಶಸ್ತ್ರವೈದ್ಯರು ಸ್ಪಷ್ಟವಾಗಿ ನಿರೂಪಿಸಿದರು. ಹೊಟ್ಟೆಯ ಚರ್ಮಕ್ಕೆ ರಕ್ತ ಒದಗುವ ಮೂರು ವಲಯಗಳನ್ನು ಅವರು ಗುರುತಿಸಿ, ಪೂರ್ಣ ಶಸ್ತ್ರಚಿಕಿತ್ಸೆಯಲ್ಲಿ ಮಧ್ಯದ ಮತ್ತು ಕೆಳಗಿನ ದಾರಿಗಳು ಕಡಿದುಹೋಗುವುದರಿಂದ ಪಕ್ಕೆಗಳ ಕಡೆಯಿಂದ ಬರುವ ರಕ್ತನಾಳಗಳೇ ಉಳಿದ ಚರ್ಮವನ್ನು ಪೋಷಿಸುತ್ತವೆ ಎಂದು ತೋರಿಸಿದರು. ಪಿತ್ತಕೋಶದ ಹಳೆಯ ತೆರೆದ ಶಸ್ತ್ರಚಿಕಿತ್ಸೆಯಿಂದ ಬಲ ಪಕ್ಕೆಲುಬಿನಡಿ ಓರೆಯಾದ ಗಾಯದ ಗುರುತು ಇರುವವರಲ್ಲಿ ಈ ದಾರಿ ಮೊದಲೇ ತುಂಡಾಗಿರುತ್ತದೆ. ಆದ್ದರಿಂದ ಹಿಂದಿನ ಪ್ರತಿಯೊಂದು ಆಪರೇಷನ್ನಿನ ವಿವರವನ್ನೂ ವೈದ್ಯರಿಗೆ ಹೇಳುವುದು ರೋಗಿಯ ಮೊದಲ ಕರ್ತವ್ಯ. ಬೀಡಿ, ಸಿಗರೇಟು, ಗುಟ್ಕಾ ಅಥವಾ ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಬಳಸುವವರಲ್ಲಿ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಇದೇ ಅಪಾಯವನ್ನು ತಂದೊಡ್ಡುವುದರಿಂದ, ಶಸ್ತ್ರಚಿಕಿತ್ಸೆಗೆ ಕನಿಷ್ಠ 4 ವಾರ ಮೊದಲೇ ಅವುಗಳನ್ನು ಸಂಪೂರ್ಣ ಬಿಡಬೇಕಾಗುತ್ತದೆ.

ಈ ಅರಿವಿನ ಮೇಲೆಯೇ ಮುಂದಿನ ಸುಧಾರಣೆಗಳು ನಿಂತಿವೆ. 1995ರಲ್ಲಿ ಲಾಕ್‌ವುಡ್ ಚರ್ಮವನ್ನು ಕಡಿಮೆ ಬಿಡಿಸಿ ಎಳೆತದ ಭಾರವನ್ನು ಪಕ್ಕಗಳಿಗೆ ಹಂಚುವ ಕ್ರಮವನ್ನೂ, 2001ರಲ್ಲಿ ಬ್ರೆಜಿಲ್ಲಿನ ಸಾಲ್ಡಾನ್ಹಾ ಕೊಬ್ಬು ಹೀರುವಿಕೆಯೊಂದಿಗೆ ಸ್ನಾಯುವಿನಿಂದ ಚರ್ಮಕ್ಕೆ ಏರುವ ಸೂಕ್ಷ್ಮ ರಕ್ತನಾಳಗಳನ್ನು ಉಳಿಸುವ ಕ್ರಮವನ್ನೂ ಪ್ರಕಟಿಸಿದರು. ಚರ್ಮ ಮತ್ತು ಸ್ನಾಯುವಿನ ನಡುವಿನ ಖಾಲಿ ಜಾಗದಲ್ಲಿ ತಿಳಿ ನೀರು ತುಂಬಿಕೊಳ್ಳುವ ಸೆರೋಮ ಎಂಬ ತೊಂದರೆಯನ್ನು ತಡೆಯಲು 1998ರಲ್ಲಿ ಬರೂದಿ ಮತ್ತು ಫೆರೇರಾ, 2000ದಲ್ಲಿ ಪೊಲಾಕ್ ಸಹೋದ್ಯೋಗಿಗಳು ಚರ್ಮವನ್ನು ಒಳಗಿನಿಂದಲೇ ಹಲವೆಡೆ ಸ್ನಾಯುವಿನ ಪೊರೆಗೆ ಹೊಲಿದು, ಖಾಲಿ ಜಾಗವೇ ಉಳಿಯದಂತೆ ಮಾಡಿದರು. ಸ್ಕಾರ್ಪ ಪೊರೆಯನ್ನು ಕೆಳಗಡೆ ಹಾಗೆಯೇ ಬಿಟ್ಟರೆ ಅದರೊಂದಿಗಿನ ದುಗ್ಧನಾಳಗಳು ಉಳಿದು ನೀರು ಸೋರುವುದು ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬುದನ್ನು ಪೋರ್ಚುಗಲ್ಲಿನ ತೌಲನಿಕ ಅಧ್ಯಯನಗಳು ತೋರಿಸಿದವು. ಇದೇ ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ರಕ್ತನಾಳದ ಸಮೇತ ಮೇಲಕ್ಕೆ ಸಾಗಿಸಿ, ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರಿಗೆ ಹೊಸ ಸ್ತನವನ್ನು ರೂಪಿಸುವ ವಿಧಾನವನ್ನು 1982ರಲ್ಲಿ ಹಾರ್ಟ್‌ರಾಂಪ್ ತಂಡ ಪ್ರಕಟಿಸಿದ್ದು ಈ ವಿದ್ಯೆಯ ಅತ್ಯಂತ ಮಾನವೀಯ ಕವಲು.

ಅಂದದಿಂದ ಕಾರ್ಯದ ಕಡೆಗೆ

ಸ್ನಾಯುಗಳ ದುರಸ್ತಿಯನ್ನು ಬಹುಕಾಲ ಸೊಂಟ ಸಣ್ಣಗೆ ಕಾಣಿಸುವ ಉಪಾಯವೆಂದಷ್ಟೇ ನೋಡಲಾಗುತ್ತಿತ್ತು. ಕಳೆದ ದಶಕದ ಸಂಶೋಧನೆ ಈ ನೋಟವನ್ನು ಬದಲಿಸಿದೆ. ಸ್ವೀಡನ್ನಿನ ಯಾದೃಚ್ಛಿಕ ಪ್ರಯೋಗವೊಂದು, ಅಗಲಿದ ಸ್ನಾಯುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದಾಗ ನೋವು ತಗ್ಗಿ ಹೊಟ್ಟೆಯ ಸ್ನಾಯುಬಲ ಹೆಚ್ಚುತ್ತದೆ ಎಂದು 2016ರಲ್ಲಿ ವರದಿ ಮಾಡಿತು. ಆಸ್ಟ್ರೇಲಿಯಾದಲ್ಲಿ 214 ಮಹಿಳೆಯರನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯ ನಂತರದ ಸೊಂಟನೋವು ಮತ್ತು ಕೆಮ್ಮಿದಾಗ ಸೀನಿದಾಗ ಮೂತ್ರ ಸೋರುವ ತೊಂದರೆ ಎರಡೂ ಈ ಶಸ್ತ್ರಚಿಕಿತ್ಸೆಯ ನಂತರ ಕಡಿಮೆಯಾದವು. ಸೊಂಟನೋವಿಗೆ ಬೇರೆ ಕಾರಣಗಳೂ ಇರುವುದರಿಂದ ಇದನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಈ ಚಿಕಿತ್ಸೆಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದು ಇನ್ನು ಮುಂದೆ ಸರಿಯಾಗದು.

ಕರಾವಳಿಯ ಹಿನ್ನೆಲೆ

ಉಡುಪಿ ಸೀಮೆಯಲ್ಲಿ ಹೆರಿಗೆ ಸೂಲಗಿತ್ತಿಯರ ಕೈಯಿಂದ ಆಸ್ಪತ್ರೆಗೆ ಸಾಗಿದ ದಾರಿಯಲ್ಲಿ ಕೆಲವು ಸಂಸ್ಥೆಗಳ ಪಾತ್ರ ದೊಡ್ಡದು. 1923ರಲ್ಲಿ ಸ್ವಿಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆರಂಭಿಸಿದ, ಇಂದಿಗೂ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ, ಹಾಜಿ ಅಬ್ದುಲ್ಲಾ ಅವರ ದಾನದ ಜಾಗದಲ್ಲಿ ಬೆಳೆದ ಸರ್ಕಾರಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ, ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಹಾಗೂ 1961ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಇವುಗಳಲ್ಲಿ ಮುಖ್ಯವಾದವು. ದೇಶದಲ್ಲಿ ಸುರೂಪಿಕಾ ಶಸ್ತ್ರವೈದ್ಯರ ಸಂಘ 1957ರಲ್ಲಿ ರೂಪುಗೊಂಡು, 1958ರಲ್ಲಿ ನಾಗಪುರದಲ್ಲಿ ಡಾ. ಸಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಪ್ರತ್ಯೇಕ ವಿಭಾಗ ತೆರೆದುಕೊಂಡ ನಂತರ ಈ ವಿಶೇಷ ವಿದ್ಯೆ ಕ್ರಮೇಣ ಬೇರೆ ವೈದ್ಯಕೀಯ ಕಾಲೇಜುಗಳಿಗೂ ಹರಡಿತು. ಸುಟ್ಟ ಗಾಯ, ಅಪಘಾತ, ಸೀಳುತುಟಿ, ಕ್ಯಾನ್ಸರಿನ ನಂತರದ ಮರುನಿರ್ಮಾಣ ಇವೇ ಇಂಥ ವಿಭಾಗಗಳ ದಿನನಿತ್ಯದ ಕೆಲಸ; ಮಣಿಪಾಲದಲ್ಲಿಯೂ ಸುರೂಪಿಕಾ ಶಸ್ತ್ರಚಿಕಿತ್ಸೆ ಮತ್ತು ಸುಟ್ಟಗಾಯಗಳಿಗೆ ಪ್ರತ್ಯೇಕ ವಿಭಾಗವಿದೆ. ಕಾರ್ಕಳದಲ್ಲಿ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ ಇದ್ದು, ಹೆದ್ದಾರಿಯ ಮೇಲಿರುವ ಕಾಪುವಿನ ಜನರಿಗೆ ಉಡುಪಿಯೂ ಮಣಿಪಾಲವೂ ಹತ್ತಿರವೇ ಇವೆ.

ಅಗತ್ಯ ಏಕೆ ಹೆಚ್ಚುತ್ತಿದೆ ಎಂಬುದನ್ನು ರಾಜ್ಯದ ಅಂಕಿಗಳು ಹೇಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿವೆ, ದೇಶದ ಸರಾಸರಿ ಶೇ. 21.5, ರಾಜ್ಯದ ಮಹಿಳೆಯರಲ್ಲಿ ಶೇ. 30.1 ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಬಾಣಂತನದಲ್ಲಿ ಎಣ್ಣೆ, ಬಿಸಿನೀರು, ಮದ್ದು ಇವುಗಳ ಜೊತೆಗೆ ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುವ ಪದ್ಧತಿ ಈ ಭಾಗದಲ್ಲಿ ಇನ್ನೂ ಉಳಿದಿದ್ದು, ಅದರಿಂದ ಬೆನ್ನಿಗೂ ಹೊಟ್ಟೆಗೂ ಆಸರೆ ಸಿಗುವುದು ನಿಜ. ಆದರೆ ಹಿಗ್ಗಿಹೋದ ನಡುಪಟ್ಟಿ ಅದರಿಂದಲೇ ಕೂಡಿಕೊಳ್ಳುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಸಿಸೇರಿಯನ್ನಿನ ಕಾರಣದಿಂದಲೇ ಹೊಟ್ಟೆ ಬರುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ, ಏಕೆಂದರೆ ಸ್ನಾಯುಗಳ ಅಗಲಿಕೆ ಗರ್ಭಧಾರಣೆಯ ಕಾಲದಲ್ಲಿಯೇ ಆಗಿರುತ್ತದೆ ಮತ್ತು ಸಹಜ ಹೆರಿಗೆಯಾದವರಲ್ಲಿಯೂ ಕಾಣುತ್ತದೆ.

ಯಾರಿಗೆ, ಯಾವಾಗ

ಶಸ್ತ್ರಚಿಕಿತ್ಸೆಗೆ ಯೋಗ್ಯರಾದವರು ಒಟ್ಟಾರೆ ಆರೋಗ್ಯವಂತರೂ, ಕನಿಷ್ಠ 6 ತಿಂಗಳಿಂದ ಒಂದೇ ತೂಕದಲ್ಲಿರುವವರೂ, ಮುಂದೆ ಮಕ್ಕಳು ಬೇಡವೆಂದು ನಿರ್ಧರಿಸಿದವರೂ ಆಗಿದ್ದರೆ ಫಲ ಚೆನ್ನಾಗಿ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಗರ್ಭ ಧರಿಸುವುದು ಅಪಾಯವಲ್ಲ, ಆದರೆ ಹೊಲಿದ ಸ್ನಾಯುಗಳು ಮತ್ತೆ ಹಿಗ್ಗಬಹುದು. ಹೆರಿಗೆಯಾಗಿ ಕನಿಷ್ಠ 6 ತಿಂಗಳಿಂದ ಒಂದು ವರ್ಷದವರೆಗೆ ಕಾಯುವುದು, ಮೊಲೆಯೂಡಿಸುವುದನ್ನು ನಿಲ್ಲಿಸಿ ಕೆಲವು ತಿಂಗಳಾಗಿರುವುದು, ಆ ಅವಧಿಯಲ್ಲಿ ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿ ನೋಡುವುದು ವಿವೇಕದ ದಾರಿ. ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸುಮಾರು 12ರಿಂದ 18 ತಿಂಗಳು, ತೂಕ ನೆಲೆಗೆ ನಿಲ್ಲುವವರೆಗೆ, ಕಾಯಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ರಕ್ತಹೀನತೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ತಮಗಾಗಲಿ ಹತ್ತಿರದ ಬಂಧುಗಳಿಗಾಗಲಿ ಇದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಸಿಸೇರಿಯನ್ ಮಾಡುವಾಗಲೇ ಇದನ್ನೂ ಮುಗಿಸಿಬಿಡಿ ಎಂದು ಕೆಲವು ಕುಟುಂಬಗಳು ಕೇಳುವುದುಂಟು. ಗರ್ಭಕೋಶವೂ ಚರ್ಮವೂ ಹಿಗ್ಗಿರುವ, ಸೋಂಕು ಮತ್ತು ಹೆಪ್ಪುಗಟ್ಟುವಿಕೆಯ ಅಪಾಯ ಹೆಚ್ಚಿರುವ ಆ ಹೊತ್ತಿನಲ್ಲಿ ಹಾಗೆ ಮಾಡುವುದು ಸೂಕ್ತವಲ್ಲ.

ಕರಾವಳಿಯ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಜೋತ ಮಡಿಕೆಯಡಿ ಬೆವರು ನಿಂತು ತುರಿಕೆ, ಶಿಲೀಂಧ್ರದ ಸೋಂಕು, ದುರ್ವಾಸನೆ ಉಂಟಾಗುವುದು ಈ ತೇವಭರಿತ ವಾತಾವರಣದಲ್ಲಿ ಸಾಮಾನ್ಯವಾಗಿದ್ದು, ಅದನ್ನು ಪೂರ್ತಿ ಗುಣಪಡಿಸಿಕೊಳ್ಳದೆ ಶಸ್ತ್ರಚಿಕಿತ್ಸೆಗೆ ಹೋಗುವಂತಿಲ್ಲ. ಹಿಂದಿನ ಸಿಸೇರಿಯನ್ನಿನ ಅಡ್ಡ ಗುರುತು ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರುತು ಬಹುಮಟ್ಟಿಗೆ ತೆಗೆಯುವ ಚರ್ಮದೊಂದಿಗೇ ಹೋಗುತ್ತವೆ, ಅವುಗಳ ಜಾಗದಲ್ಲಿ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗಿನ ಉದ್ದನೆಯ ಹೊಸ ಗುರುತು ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ದಿನ ಮತ್ತು ಚೇತರಿಕೆ

ರೋಗಿಯನ್ನು ನಿಲ್ಲಿಸಿ ಹೊಟ್ಟೆಯ ಮೇಲೆ ಗೆರೆ ಗುರುತು ಹಾಕುವುದರಿಂದ ಕೆಲಸ ಆರಂಭವಾಗುತ್ತದೆ, ಏಕೆಂದರೆ ಮಲಗಿದಾಗ ಚರ್ಮ ಜೋತುಬೀಳುವ ಪರಿ ತಿಳಿಯುವುದಿಲ್ಲ. ಸಾಮಾನ್ಯವಾಗಿ ಸಂಪೂರ್ಣ ಅರಿವಳಿಕೆ ನೀಡಿ, ಕಿಬ್ಬೊಟ್ಟೆಯಲ್ಲಿ ಅಡ್ಡಲಾಗಿ ಕೊಯ್ದು, ಚರ್ಮವನ್ನು ಎದೆಗೂಡಿನ ಕಡೆಗೆ ಬಿಡಿಸಿ, ಅಗಲಿದ ಸ್ನಾಯುಗಳ ಪೊರೆಯನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿ ದಾರದಿಂದ ಹೊಲಿದು ಹತ್ತಿರ ತಂದು, ಸೊಂಟವನ್ನು ತುಸು ಬಗ್ಗಿಸಿದ ಭಂಗಿಯಲ್ಲಿ ಹೆಚ್ಚಾದ ಚರ್ಮವನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ಕಿಂಡಿ ತೆರೆದು ಹೊಲಿಗೆ ಮುಗಿಸಲು 2ರಿಂದ 4 ಗಂಟೆ ಬೇಕಾಗುತ್ತದೆ. ಸೋರುವ ದ್ರವವನ್ನು ಹೊರಗೊಯ್ಯಲು ಅನೇಕ ಸಲ ಒಂದೆರಡು ಸಣ್ಣ ಕೊಳವೆಗಳನ್ನು ಇರಿಸುತ್ತಾರೆ. 24 ಗಂಟೆಯಲ್ಲಿ ಬರುವ ದ್ರವ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದಾಗ ಅವನ್ನು ತೆಗೆಯುವುದು ರೂಢಿ.

ಮೊದಲ ವಾರದಲ್ಲಿ ರೋಗಿ ಮುಂದಕ್ಕೆ ಬಗ್ಗಿಯೇ ನಡೆಯಬೇಕು, ಮಂಡಿಯಡಿ ದಿಂಬಿಟ್ಟು ಮಲಗಬೇಕು. ಆದರೆ ಮಲಗಿಯೇ ಇರುವಂತಿಲ್ಲ, ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನದಿಂದಲೇ ಆಗಾಗ ಎದ್ದು ಓಡಾಡುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮುಖ್ಯ ಉಪಾಯ. ಹೊಟ್ಟೆಗೆ ತೊಡಿಸುವ ಬಿಗಿ ಪಟ್ಟಿಯನ್ನು ಸಾಮಾನ್ಯವಾಗಿ ಸುಮಾರು 6 ವಾರ ಧರಿಸಬೇಕಾಗುವುದರಿಂದ, ಸೆಕೆಯ ತಿಂಗಳುಗಳಲ್ಲಿ ಒಗೆದು ಬದಲಾಯಿಸಲು ಎರಡು ಪಟ್ಟಿಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಅದು ಸರಿಯಾಗಿ ಒಣಗಿದೆಯೇ ಎಂದು ನೋಡಿಕೊಂಡೇ ತೊಡಬೇಕು. ಕುಳಿತು ಮಾಡುವ ಕಚೇರಿ ಕೆಲಸಕ್ಕೆ 2ರಿಂದ 3 ವಾರದಲ್ಲಿ ಮರಳಬಹುದಾದರೂ, ಭಾರ ಎತ್ತುವ ಕೆಲಸವನ್ನು 6 ವಾರ ಮಾಡುವಂತಿಲ್ಲ. ಈ ಮಾತು ನಗರದ ಓದುಗರಿಗೆ ಜಿಮ್ಮಿನ ವಿಷಯವಾಗಿ ತೋರಬಹುದು, ಕರಾವಳಿಯ ಮಹಿಳೆಯರಿಗೆ ಇದು ದುಡಿಮೆಯ ವಿಷಯ. ಬಾವಿಯಿಂದ ನೀರು ಸೇದುವುದು, ಮಲ್ಪೆ ಅಥವಾ ಕಾಪುವಿನಲ್ಲಿ ಮೀನಿನ ಬುಟ್ಟಿ ಹೊರುವುದು, ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವುದು, ಶಂಕರಪುರದ ಮಲ್ಲಿಗೆ ಗಿಡಗಳಿಗೆ ಕೊಡದಲ್ಲಿ ನೀರು ಹೊರುವುದು, ಚಿಕ್ಕ ಮಗುವನ್ನು ಎತ್ತಿಕೊಳ್ಳುವುದು, ಇವೆಲ್ಲವೂ ಆ 6 ವಾರಗಳಲ್ಲಿ ಬೇರೆಯವರ ಪಾಲಿಗೆ ಬರಬೇಕು. ಮನೆಯವರು ಅದಕ್ಕೆ ಮೊದಲೇ ಒಪ್ಪಿಕೊಂಡಿರದಿದ್ದರೆ ಶಸ್ತ್ರಚಿಕಿತ್ಸೆಯ ದಿನವನ್ನು ಮುಂದೂಡುವುದೇ ಲೇಸು.

ಗಲ್ಫ್ ದೇಶಗಳಲ್ಲಿ ಅಥವಾ ಮುಂಬಯಿಯಲ್ಲಿ ನೆಲೆಸಿ ರಜೆಗೆ ಊರಿಗೆ ಬರುವ ಕುಟುಂಬಗಳು ಆ ರಜೆಯಲ್ಲಿಯೇ ಶಸ್ತ್ರಚಿಕಿತ್ಸೆ ಮುಗಿಸಲು ಬಯಸುವುದು ಸಹಜ. ಆದರೆ ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಕಾಲು ಮಡಚಿ ಗಂಟೆಗಟ್ಟಲೆ ಕುಳಿತು ಪ್ರಯಾಣಿಸುವುದು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ, ಹೊಲಿಗೆಗೆ ತೊಂದರೆಯಾದರೆ ನೋಡಿಕೊಳ್ಳಬೇಕಾದ ವೈದ್ಯರೂ ದೂರವಾಗುತ್ತಾರೆ; ಆದ್ದರಿಂದ ರಜೆಯ ಆರಂಭದಲ್ಲಿಯೇ ಶಸ್ತ್ರಚಿಕಿತ್ಸೆ ಆಗಿ, ಮರಳುವ ಟಿಕೇಟಿನ ದಿನವನ್ನು ವೈದ್ಯರ ಒಪ್ಪಿಗೆಯ ನಂತರವೇ ನಿಗದಿ ಮಾಡಬೇಕು. ಬಾವು ಪೂರ್ತಿ ಇಳಿಯಲು 3ರಿಂದ 6 ತಿಂಗಳು, ಗಾಯದ ಕೆಂಪು ಗುರುತು ಮಾಸಲು 12ರಿಂದ 18 ತಿಂಗಳು ಬೇಕಾಗುತ್ತದೆ, ಹೊಕ್ಕುಳಿನ ಕೆಳಗಿನ ಚರ್ಮದ ಜೋಮು ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ.

ಅಪಾಯಗಳು

1977ರಲ್ಲಿ ಗ್ರೇಜರ್ ಮತ್ತು ಗೋಲ್ಡ್‌ವಿನ್ 10,490 ಶಸ್ತ್ರಚಿಕಿತ್ಸೆಗಳ ಮಾಹಿತಿ ಕಲೆಹಾಕಿದಾಗ, ಶೇ. 1.1 ಮಂದಿಯಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದುದೂ, ಶೇ. 0.8 ಮಂದಿಯಲ್ಲಿ ಆ ಹೆಪ್ಪು ಶ್ವಾಸಕೋಶಕ್ಕೆ ಸರಿದುದೂ ತಿಳಿದುಬಂತು. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ 25,478 ಶಸ್ತ್ರಚಿಕಿತ್ಸೆಗಳ ವಿಶ್ಲೇಷಣೆಯಲ್ಲಿ ಗಂಭೀರ ತೊಡಕುಗಳ ಪ್ರಮಾಣ ಶೇ. 4.0 ಇದ್ದರೆ, ಇತರ ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಅದು ಶೇ. 1.4 ಮಾತ್ರ ಇತ್ತು. ಒಂದೇ ಸಲಕ್ಕೆ ಹಲವು ಶಸ್ತ್ರಚಿಕಿತ್ಸೆಗಳನ್ನು ಸೇರಿಸಿ ಮಾಡಿದಾಗ ಅಪಾಯವೂ ಏರಿತು. ಸೆರೋಮ, ರಕ್ತ ಶೇಖರಣೆ, ಸೋಂಕು, ಹೊಲಿಗೆ ಬಿಡುವುದು, ಚರ್ಮದ ಒಂದು ಭಾಗ ಕಪ್ಪಾಗಿ ಕೊಳೆಯುವುದು, ದಪ್ಪ ಗಾಯದ ಗುರುತು ಉಳಿಯುವುದು ಇವು ಉಳಿದ ತೊಡಕುಗಳು. ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಇದ್ದಕ್ಕಿದ್ದಂತೆ ಉಸಿರುಗಟ್ಟುವಿಕೆ ಅಥವಾ ಎದೆನೋವು, ಜ್ವರ, ಗಾಯದಿಂದ ಕೀವು, ಹೊಟ್ಟೆಯ ಒಂದು ಬದಿ ಥಟ್ಟನೆ ಉಬ್ಬುವುದು ಕಂಡರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿಯೊಬ್ಬರು ಮೃತಪಟ್ಟ ಘಟನೆ, ಇಂಥ ಚಿಕಿತ್ಸೆಗಳನ್ನು ಹಗುರವಾಗಿ ಕಾಣಬಾರದೆಂದು ರಾಜ್ಯಕ್ಕೇ ನೆನಪಿಸಿತು. ತೀವ್ರ ನಿಗಾ ಘಟಕ, ರಕ್ತನಿಧಿ, ಅರಿವಳಿಕೆ ತಜ್ಞರು ಸದಾ ಲಭ್ಯವಿರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಬೇಕೆಂಬುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ವೆಚ್ಚ, ಒಪ್ಪಿಗೆ ಮತ್ತು ಕಾನೂನು

ರೂಪ ಬದಲಿಸುವ ಚಿಕಿತ್ಸೆಗಳನ್ನು ಆರೋಗ್ಯ ವಿಮೆಯಿಂದ ಹೊರಗಿಡಲು ವಿಮಾ ನಿಯಂತ್ರಣ ಪ್ರಾಧಿಕಾರದ ಮಾದರಿ ನಿಯಮಗಳು ಅವಕಾಶ ಕೊಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಮರುನಿರ್ಮಾಣ ಅಥವಾ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಯ ಭಾಗ ಎಂಬ ಸಂದರ್ಭಗಳಿಗೆ ಮಾತ್ರ ವಿನಾಯಿತಿ ಇದೆ. ಆಯುಷ್ಮಾನ್ ಭಾರತ್ ಯೋಜನೆಯೂ ಸೌಂದರ್ಯ ಚಿಕಿತ್ಸೆಗಳನ್ನು ಒಳಗೊಳ್ಳುವುದಿಲ್ಲ, ಮಣಿಪಾಲ ಆರೋಗ್ಯ ಕಾರ್ಡ್ ವಿಮೆಯಲ್ಲದೆ ರಿಯಾಯಿತಿ ಯೋಜನೆಯಾಗಿರುವುದರಿಂದ ಅದು ಯಾವುದಕ್ಕೆ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಸ್ನಾಯು ಅಗಲಿಕೆಯೊಂದಿಗೆ ಹೊಕ್ಕುಳ ಹರ್ನಿಯಾ ಇದ್ದರೆ ಹರ್ನಿಯಾದ ಭಾಗಕ್ಕೆ ವಿಮೆ ಸಿಗುವ ಸಾಧ್ಯತೆ ಇರುತ್ತದೆ, ಆದರೆ ಅದಕ್ಕೆ ಸ್ಕ್ಯಾನಿಂಗ್ ವರದಿ ಮತ್ತು ವಿಮಾ ಸಂಸ್ಥೆಯ ಪೂರ್ವಾನುಮತಿ ಅಗತ್ಯ.

ರೋಗಿಯ ಪರವಾಗಿ ಕಾನೂನೂ ಬೆಳೆದಿದೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಒಪ್ಪಿಗೆ ಎಂದರೆ ಚಿಕಿತ್ಸೆಯ ಸ್ವರೂಪ, ಪರ್ಯಾಯ ಮತ್ತು ಅಪಾಯಗಳನ್ನು ತಿಳಿದು ಕೊಟ್ಟ ಒಪ್ಪಿಗೆಯಾಗಿರಬೇಕು, ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ಸ್ಪಷ್ಟಪಡಿಸಿತು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಆಸ್ಪತ್ರೆಯೂ ನೋಂದಣಿ ಹೊಂದಿರಬೇಕು. ಶಸ್ತ್ರವೈದ್ಯರು ಸಾಮಾನ್ಯ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿಯ ನಂತರ ಸುರೂಪಿಕಾ ಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿಎಚ್. ಅಥವಾ ತತ್ಸಮಾನ ರಾಷ್ಟ್ರೀಯ ಮಂಡಳಿಯ ಪದವಿ ಪಡೆದವರೇ ಎಂದು ಕೇಳುವುದು ಅವಿಶ್ವಾಸದ ಮಾತಲ್ಲ, ರೋಗಿಯ ಹಕ್ಕು.

ಸಮಗ್ರವಾಗಿ ನೋಡಿದರೆ, ಈ ಶಸ್ತ್ರಚಿಕಿತ್ಸೆ ತನ್ನ ಮಿತಿಯನ್ನು ಅರಿತವರಿಗೆ ಒಳ್ಳೆಯ ಫಲವನ್ನೂ, ತೂಕ ಇಳಿಸುವ ಅಡ್ಡದಾರಿಯೆಂದು ನಂಬಿದವರಿಗೆ ನಿರಾಶೆಯನ್ನೂ ಕೊಡುತ್ತದೆ. ಹೊಕ್ಕುಳು, ರಕ್ತನಾಳ, ದುಗ್ಧನಾಳ, ಸ್ನಾಯುಬಲ ಇವುಗಳನ್ನು ಒಂದೊಂದಾಗಿ ಉಳಿಸಲು ಕಲಿತ ಶಸ್ತ್ರವೈದ್ಯರು ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದಾರೆ. ಉಳಿದ ಪಾಲು ರೋಗಿಯ ಮತ್ತು ಮನೆಯವರ ಕೈಯಲ್ಲಿದೆ. ಉಡುಪಿ ಜಿಲ್ಲೆಯ ಯಾವುದೇ ಮಹಿಳೆ ಈ ನಿರ್ಧಾರಕ್ಕೆ ಬರುವ ಮೊದಲು ಹೆರಿಗೆ ತಜ್ಞರು, ಫಿಸಿಯೋಥೆರಪಿ ತಜ್ಞರು ಮತ್ತು ಅರ್ಹ ಸುರೂಪಿಕಾ ಶಸ್ತ್ರವೈದ್ಯರು ಈ ಮೂವರ ಅಭಿಪ್ರಾಯವನ್ನೂ ಕೇಳಲಿ, ಮೊದಲ ಭೇಟಿಯಲ್ಲಿಯೇ ಹಣ ಕಟ್ಟದಿರಲಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡು ಅರ್ಥವಾದ ಮೇಲೆಯೇ ಸಹಿ ಹಾಕಲಿ.